ಡ್ರೂಯಿಡರ ಸೂರ್ಯೋತ್ಸವಕ್ಕೆ ಅತ್ತೆಯನ್ನೂ ಮಗಳನ್ನೂ ಕರೆದೊಯ್ಯಬಹುದೆ?

ಪ್ರಶ್ನೆ: ನಾವು ಆರು ವರ್ಷಗಳಿಂದ ಇಂಗ್ಲೆಂಡಿನ ಸ್ವಿಂಡನ್ ಬಳಿ ವಾಸವಾಗಿದ್ದೇವೆ. ನನ್ನ ಜೊತೆ ಕೆಲಸ ಮಾಡುವ ಮಹಿಳೆಯೊಬ್ಬರು ತಮ್ಮನ್ನು ಡ್ರೂಯಿಡ್, ಎಂದರೆ ಬ್ರಿಟನ್, ಐರ್ಲೆಂಡ್ ಕಡೆಯ ಪ್ರಾಚೀನ ಕೆಲ್ಟಿಕ್ ಜನರ ಪುರೋಹಿತ ಪರಂಪರೆಯವರು, ಎಂದು ಹೇಳಿಕೊಳ್ಳುತ್ತಾರೆ. ಜೂನ್ 21ರ ಮುಂಜಾನೆ ಏವ್‌ಬರಿಯ ಪ್ರಾಚೀನ ಕಲ್ಲುವರ್ತುಲದ ಬಳಿ ತಮ್ಮ ಗುಂಪು ‘ಆಲ್ಬಾನ್ ಹೆವಿನ್’ ಎಂಬ ಹಬ್ಬ ಆಚರಿಸುತ್ತದೆ, ಮನೆಮಂದಿಯೆಲ್ಲ ಬನ್ನಿ ಎಂದು ಕರೆದಿದ್ದಾರೆ. ಇದು ಐದು ಸಾವಿರ ವರ್ಷಗಳ ಕೆಲ್ಟಿಕ್ ಸಂಪ್ರದಾಯ ಎನ್ನುವುದು ಅವರ ಮಾತು. ಒಂಬತ್ತು ವರ್ಷದ ನನ್ನ ಮಗಳು ಇದರ ಬಗ್ಗೆಯೇ ಶಾಲೆಯಲ್ಲಿ ಮಾತನಾಡಬೇಕೆಂದಿದ್ದಾಳೆ. ಶಿವಮೊಗ್ಗದಿಂದ ಬಂದಿರುವ ಅತ್ತೆಯವರಿಗೆ ಮಾತ್ರ ಸಮಾಧಾನವಿಲ್ಲ. ಡ್ರೂಯಿಡರು ನರಬಲಿ ಕೊಡುತ್ತಿದ್ದರಂತೆ, ಅಲ್ಲಿ ಮಾಟಮಂತ್ರ ನಡೆಯುತ್ತದಂತೆ ಎಂದು ಯಾರೋ ಹೇಳಿದ್ದಾರೆ. ಅದರ ಮೇಲೆ, ದಕ್ಷಿಣಾಯನ ಶುರುವಾಗುವ ದಿನ ಯಾರಾದರೂ ಹಬ್ಬ ಮಾಡುತ್ತಾರೆಯೇ ಎಂದೂ ಕೇಳುತ್ತಾರೆ. ‘ಡ್ರೂಯಿಡ್’ ಎಂದರೆ ‘ದ್ರಾವಿಡ’ ಎಂದೇ ಅರ್ಥ, ಅವರೆಲ್ಲ ನಮ್ಮವರೇ ಎಂಬ ವಾಟ್ಸ್‌ಆ್ಯಪ್ ಸಂದೇಶವೂ ಬಂದಿದೆ. ಯಾವುದನ್ನು ನಂಬುವುದು? ಹೋದರೆ ಏನು ಗಮನಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಗೆಯ ಚಿಂತೆಗಳು ಕಲೆತಿವೆ. ಹೋದರೆ ನಮ್ಮ ನಂಬಿಕೆಗೋ ಮಗುವಿಗೋ ತೊಂದರೆಯಾದೀತೆ ಎನ್ನುವುದು ಒಂದು. ಹೋಗಿ ಬಂದು ಮಗಳು ಶಾಲೆಯಲ್ಲಿ ಹೇಳುವುದು ನಿಜವಾಗಿರುತ್ತದೆಯೇ ಎನ್ನುವುದು ಇನ್ನೊಂದು. ಬ್ರಿಟನ್ನಿನ ಧಾರ್ಮಿಕ ಆಚರಣೆಗಳ ಇತಿಹಾಸವನ್ನು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತ, ಇಂಥ ಮುಂಜಾನೆಗಳಲ್ಲಿ ಹಲವು ಬಾರಿ ಚಳಿಯಲ್ಲಿ ನಿಂತು ಬಂದವರ ಅನುಭವದಿಂದ ಹೇಳುವುದಾದರೆ, ಮೊದಲನೆಯದಕ್ಕೆ ಹೆದರಬೇಕಾದದ್ದು ಬಹಳ ಕಡಿಮೆ, ಎರಡನೆಯದಕ್ಕೆ ಮಾತ್ರ ಸ್ವಲ್ಪ ಶ್ರಮ ಬೇಕು. ಆದ್ದರಿಂದ ಎರಡನೆಯದರಿಂದಲೇ ಆರಂಭಿಸುತ್ತೇನೆ.

ನಿಮ್ಮ ಸಹೋದ್ಯೋಗಿ ಹೇಳಿದ ಐದು ಸಾವಿರ ವರ್ಷಗಳ ಲೆಕ್ಕ ಹೆಚ್ಚುಕಡಿಮೆ ಕಲ್ಲುಗಳಿಗೆ ಸಲ್ಲುತ್ತದೆ, ಹಬ್ಬಕ್ಕೆ ಸಲ್ಲುವುದಿಲ್ಲ. ಏವ್‌ಬರಿಯ ಸೀಮೆಯಲ್ಲೇ ಇರುವ ಪ್ರಸಿದ್ಧ ಕಲ್ಲುವರ್ತುಲ ಸ್ಟೋನ್‌ಹೆಂಜಿನ ಸುತ್ತಲಿನ ಮಣ್ಣಿನ ಕಂದಕ ಸುಮಾರು ಕ್ರಿ.ಪೂ. 3000ರದು, ನಡುವಿನ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದು ಸುಮಾರು ಕ್ರಿ.ಪೂ. 2500ರಲ್ಲಿ, ಏವ್‌ಬರಿಯ ವರ್ತುಲವೂ ಹೆಚ್ಚುಕಡಿಮೆ ಅದೇ ಯುಗದ ಕೆಲಸ. ಡ್ರೂಯಿಡರ ಬಗ್ಗೆ ನಮಗೆ ಸಿಗುವ ಮೊದಲ ವಿಸ್ತಾರವಾದ ಬರಹವಾದರೋ ಜೂಲಿಯಸ್ ಸೀಸರನದು, ಕ್ರಿ.ಪೂ. 1ನೆಯ ಶತಮಾನದ್ದು. ಕಲ್ಲು ನಿಲ್ಲಿಸಿದವರಿಗೂ ಸೀಸರ್ ಕಂಡ ಡ್ರೂಯಿಡರಿಗೂ ನಡುವಿನ ಅಂತರ, ಮಸ್ಕಿಯಲ್ಲಿ ಶಾಸನ ಬರೆಸಿದ ಅಶೋಕನಿಗೂ ನಮಗೂ ಇರುವ ಅಂತರಕ್ಕಿಂತ ಹೆಚ್ಚು. ಡ್ರೂಯಿಡರು ಆ ಕಲ್ಲುಗಳನ್ನು ಕಟ್ಟಿಸಲಿಲ್ಲ ಎನ್ನುವುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಆದರೆ ಕಟ್ಟಿದವರಿಗೆ ಸೂರ್ಯನ ಮೇಲೆ ಕಣ್ಣಿತ್ತು ಎನ್ನುವುದೂ ಅಷ್ಟೇ ಖಚಿತ. ಸ್ಟೋನ್‌ಹೆಂಜಿನ ಅಕ್ಷ ಒಂದು ತುದಿಯಲ್ಲಿ ಬೇಸಿಗೆಯ ಅಯನ ಸಂಕ್ರಾಂತಿಯ, ಎಂದರೆ ವರ್ಷದ ಅತಿ ದೀರ್ಘ ಹಗಲಿನ, ಸೂರ್ಯೋದಯದತ್ತಲೂ ಇನ್ನೊಂದು ತುದಿಯಲ್ಲಿ ಚಳಿಗಾಲದ ಅಯನ ಸಂಕ್ರಾಂತಿಯ ಸೂರ್ಯಾಸ್ತದತ್ತಲೂ ಮುಖ ಮಾಡಿದೆ. ಇದು ಅಲ್ಲಿನ ಜನರಿಗೆ ಏಕೆ ಅಷ್ಟು ಮುಖ್ಯವಾಯಿತು ಎಂದು ಕೇಳಿದರೆ ಉತ್ತರ ಭೂಗೋಳದಲ್ಲಿದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು ಹದಿಮೂರು ಗಂಟೆಯನ್ನೂ ಮುಟ್ಟುವುದಿಲ್ಲ. ಜೂನ್ 21ರಂದು ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿಯಷ್ಟು ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಅದನ್ನು ಬಹುಮಂದಿ ಗಮನಿಸುವುದೂ ಇಲ್ಲ. ಈ ಕಲ್ಲುಗಳಿರುವ ವಿಲ್ಟ್‌ಷೈರಿನಲ್ಲಿ ಅದೇ ದಿನ ಹಗಲು ಹದಿನಾರೂವರೆ ಗಂಟೆ, ಸೂರ್ಯ ಹುಟ್ಟುವುದು ಪೂರ್ವದಿಂದ ಸುಮಾರು 40 ಡಿಗ್ರಿ ಉತ್ತರಕ್ಕೆ. ಡಿಸೆಂಬರಿನಲ್ಲಿ ಅದೇ ಹಗಲು ಎಂಟು ಗಂಟೆಗೂ ಕಡಿಮೆಯಾಗಿ, ನಡುಮಧ್ಯಾಹ್ನದ ಸೂರ್ಯ ಕೂಡ ದಿಗಂತದಿಂದ ಹದಿನೈದು ಡಿಗ್ರಿಯಷ್ಟೇ ಮೇಲೇರಿ ಇಳಿದುಬಿಡುತ್ತಾನೆ. ಆ ನಾಡಿನಲ್ಲಿ ಒಂದು ಚಳಿಗಾಲ ಕಳೆದವರಿಗೆ ಯಾರೂ ಇದನ್ನು ವಿವರಿಸಬೇಕಾಗಿಲ್ಲ, ನಿಮಗಂತೂ ಆರು ಚಳಿಗಾಲಗಳಾಗಿವೆ. ಇನ್ನೊಂದು ಸಂಗತಿಯನ್ನು ಮಗಳಿಗೆ ಖಂಡಿತ ಹೇಳಿ: ಸ್ಟೋನ್‌ಹೆಂಜಿಗೆ ಸಮೀಪದ ಡರಿಂಗ್‌ಟನ್ ವಾಲ್ಸ್ ಎಂಬ ಹಳೆಯ ನೆಲೆಯಲ್ಲಿ ಸಿಕ್ಕ ಹಂದಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಬಹಳಷ್ಟನ್ನು ಹೆಚ್ಚುಕಡಿಮೆ ಒಂಬತ್ತು ತಿಂಗಳ ಪ್ರಾಯದಲ್ಲಿ ಕೊಂದದ್ದು ತಿಳಿಯಿತು, ವಸಂತದಲ್ಲಿ ಹುಟ್ಟಿದ ಮರಿಗಳೆಂದು ಲೆಕ್ಕ ಹಾಕಿದರೆ ಔತಣ ನಡೆದದ್ದು ನಡುಚಳಿಗಾಲದಲ್ಲಿ. ಎಂದರೆ ಆ ಕಾಲದ ದೊಡ್ಡ ಜಾತ್ರೆ ಜೂನ್‌ನದಾಗಿರದೆ ಡಿಸೆಂಬರಿನದೇ ಆಗಿದ್ದ ಸಾಧ್ಯತೆ ಹೆಚ್ಚು.

ಇನ್ನು ನಿಜವಾದ ಪ್ರಾಚೀನ ಡ್ರೂಯಿಡರು. ಅವರು ತಮ್ಮ ವಿದ್ಯೆಯನ್ನು ಬರಹಕ್ಕೆ ಇಳಿಸುತ್ತಿರಲಿಲ್ಲ, ಕೆಲವರು ಇಪ್ಪತ್ತು ವರ್ಷ ಕುಳಿತು ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು, ನಕ್ಷತ್ರಗಳ ಚಲನೆಯನ್ನು ಚರ್ಚಿಸುತ್ತಿದ್ದರು ಎಂದು ಸೀಸರ್ ಬರೆದಿದ್ದಾನೆ. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಬಿಳಿ ವಸ್ತ್ರ ಉಟ್ಟ ಡ್ರೂಯಿಡನೊಬ್ಬ ಚಾಂದ್ರಮಾಸದ ಆರನೆಯ ದಿನ ಓಕ್ ಮರವನ್ನು ಹತ್ತಿ, ನಮ್ಮ ಬದನಿಕೆಯಂತೆ ಮರದ ಮೇಲೆಯೇ ಬೆಳೆಯುವ ಮಿಸಲ್‌ಟೋ ಎಂಬ ಗಿಡವನ್ನು ಚಿನ್ನದ ಕುಡುಗೋಲಿನಿಂದ ಕೊಯ್ಯುವುದನ್ನೂ ಎರಡು ಬಿಳಿ ಹೋರಿಗಳನ್ನು ಬಲಿ ಕೊಡುವುದನ್ನೂ ವರ್ಣಿಸಿದ್ದಾನೆ. ಇಂದಿನ ಡ್ರೂಯಿಡರ ಬಿಳಿ ನಿಲುವಂಗಿಯ ಮೂಲ ಈ ಒಂದು ವಾಕ್ಯವೃಂದದಲ್ಲಿದೆ. ಆದರೆ ಬೇಸಿಗೆಯ ಅಯನ ಸಂಕ್ರಾಂತಿಯಂದು ಡ್ರೂಯಿಡರು ಹಬ್ಬ ಮಾಡುತ್ತಿದ್ದರು ಎಂದು ಇವರಿಬ್ಬರಲ್ಲಿ ಯಾರೂ ಹೇಳಿಲ್ಲ. ಐರ್ಲೆಂಡಿನ ಹಳೆಯ ಸಾಹಿತ್ಯದಲ್ಲಿ ವರ್ಷವನ್ನು ವಿಭಾಗಿಸುವ ನಾಲ್ಕು ದೊಡ್ಡ ದಿನಗಳಾದ ಸೌವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸಾ ನವೆಂಬರ್, ಫೆಬ್ರುವರಿ, ಮೇ, ಆಗಸ್ಟ್ ತಿಂಗಳುಗಳ ಆರಂಭಕ್ಕೆ ಬರುತ್ತವೆ. ಅವುಗಳಲ್ಲಿ ಒಂದೂ ಅಯನ ಸಂಕ್ರಾಂತಿಯಲ್ಲ. ದನಗಳನ್ನು ಮೇವಿಗೆ ಹೊಡೆಯುವುದು, ಹಟ್ಟಿಗೆ ಮರಳಿಸುವುದು, ಪೈರು ಕೊಯ್ಯುವುದು ಇವುಗಳ ಲೆಕ್ಕಕ್ಕೆ ಹೊಂದಿದ ದಿನಗಳು ಅವು.

ಹಾಗಾದರೆ ಈ ಹಬ್ಬ ಎಲ್ಲಿಂದ ಬಂತು? ಸ್ಟೋನ್‌ಹೆಂಜಿನ ಅಕ್ಷ ನಡುಬೇಸಿಗೆಯ ಸೂರ್ಯೋದಯದತ್ತ ಇದೆ ಎಂದು ಮೊದಲು ಬರೆದಿಟ್ಟವರು ಇಂಗ್ಲೆಂಡಿನ ಪುರಾತತ್ವಾಸಕ್ತ ವಿಲಿಯಂ ಸ್ಟೂಕ್ಲಿ. 1740ರಲ್ಲಿ ಪ್ರಕಟವಾದ ಅವರ ಗ್ರಂಥ ಆ ಕಲ್ಲುಗಳನ್ನು ಡ್ರೂಯಿಡರ ದೇವಾಲಯವೆಂದೇ ಸಾರಿತು. ಗಮನಿಸಿದ್ದು ಸರಿ, ತೀರ್ಮಾನ ತಪ್ಪು. ಅನಂತರ ಬಂದವರು ವೇಲ್ಸ್‌ನ ಕಲ್ಲುಕುಟಿಗ ಎಡ್ವರ್ಡ್ ವಿಲಿಯಮ್ಸ್. ‘ಯೋಲೋ ಮೊರ್ಗಾನುಗ್’ ಅವರ ಕಾವ್ಯನಾಮ. ಅಪಾರ ಪ್ರತಿಭೆ, ಅಫೀಮಿನ ದ್ರಾವಣದ ಚಟ, ವೇಲ್ಸ್ ಭಾಷೆಯ ಮೇಲೆ ಪ್ರಾಣ ಬಿಡುವಷ್ಟು ಅಭಿಮಾನ, ಹಳೆಯ ಹಸ್ತಪ್ರತಿಗಳಂತೆ ಕಾಣುವ ಹೊಸ ಪಠ್ಯಗಳನ್ನು ತಾವೇ ಬರೆದುಬಿಡುವ ಧೈರ್ಯ ಎಲ್ಲವೂ ಒಬ್ಬರಲ್ಲೇ ಇದ್ದವು. 1792ರಲ್ಲಿ ಅವರು ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಎಂಬ ಗುಡ್ಡದ ಮೇಲೆ ಸಣ್ಣ ಕಲ್ಲುಗಳನ್ನು ವರ್ತುಲವಾಗಿ ಇಟ್ಟು, ಕವಿಗಳ ‘ಗೊರ್ಸೆಥ್’ ಎಂಬ ಸಭೆಯನ್ನು ನಡೆಸಿದರು. ನಿಮ್ಮ ಸಹೋದ್ಯೋಗಿ ಹೇಳಿದ ‘ಆಲ್ಬಾನ್ ಹೆವಿನ್’ ಎಂಬ ಹೆಸರು ಬಂದದ್ದು ಇವರ ಬರಹಗಳಿಂದ. ಅಚ್ಚರಿಯೆಂದರೆ, ಅವರ ಕಲ್ಪನೆಯ ಗೊರ್ಸೆಥ್ 1819ರಲ್ಲಿ ವೇಲ್ಸ್‌ನ ಸಾಹಿತ್ಯ ಮೇಳವಾದ ಐಸ್ಟೆಥ್‌ವೊಡ್ ಜೊತೆ ಸೇರಿಕೊಂಡು, ಇಂದಿಗೂ ಆ ನಾಡಿನ ರಾಷ್ಟ್ರೀಯ ಸಮಾರಂಭವಾಗಿ ನಡೆಯುತ್ತಿದೆ. ಹುಟ್ಟು ಕಟ್ಟುಕತೆಯದಾದರೂ ಇನ್ನೂರು ವರ್ಷ ನಡೆಸಿಕೊಂಡು ಬಂದ ಮೇಲೆ ಅದಕ್ಕೆ ತನ್ನದೇ ಸಂಪ್ರದಾಯದ ಬಲ ಬಂದಿದೆ ಎನ್ನುವುದು ನನ್ನ ಅಭಿಪ್ರಾಯ. ಒಪ್ಪದ ಸಹೋದ್ಯೋಗಿಗಳು ನನಗಿದ್ದಾರೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1781ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದ ಒಂದು ಡ್ರೂಯಿಡ್ ಸಂಘ 1905ರ ಆಗಸ್ಟಿನಲ್ಲಿ ಸ್ಟೋನ್‌ಹೆಂಜಿನಲ್ಲಿ ನೂರಾರು ಸದಸ್ಯರಿಗೆ ದೀಕ್ಷೆ ಕೊಟ್ಟಿತು, ಅಂಟಿಸಿದ ಬಿಳಿ ಗಡ್ಡಗಳ ಸಮೇತ. ವರ್ಷಕ್ಕೆ ಎಂಟು ಹಬ್ಬಗಳ ಚಕ್ರ, ಎಂದರೆ ಐರ್ಲೆಂಡಿನ ಆ ನಾಲ್ಕು ದಿನಗಳ ನಡುವೆ ಎರಡು ಅಯನ ಸಂಕ್ರಾಂತಿಗಳನ್ನೂ ಹಗಲು ರಾತ್ರಿ ಸಮನಾಗುವ ಎರಡು ವಿಷುವಗಳನ್ನೂ ಹೆಣೆದ ಈಗಿನ ಕ್ರಮ, ರೂಪುಗೊಂಡದ್ದು 1950ರ ದಶಕದಲ್ಲಿ, ವಿಕ್ಕಾ ಎಂಬ ಹೊಸ ಪಂಥವನ್ನು ಹುಟ್ಟುಹಾಕಿದ ಗೆರಾಲ್ಡ್ ಗಾರ್ಡ್‌ನರ್ ಮತ್ತು ಅವರ ಗೆಳೆಯ ರಾಸ್ ನಿಕೋಲ್ಸ್ ಅವರ ವಲಯಗಳಲ್ಲಿ. ಈ ನಿಕೋಲ್ಸ್ ಅವರೇ 1964ರಲ್ಲಿ ಇಂದಿನ ದೊಡ್ಡ ಡ್ರೂಯಿಡ್ ಪಂಥವೊಂದನ್ನು ಸ್ಥಾಪಿಸಿದರು. ಕ್ರೈಸ್ತಪೂರ್ವ ಆಚರಣೆಗಳನ್ನು ಮತ್ತೆ ಕೈಗೊಂಡ ಕೆಲವು ‘ಪೇಗನ್’ ಗುಂಪುಗಳು ಈ ಹಬ್ಬವನ್ನು ‘ಲಿತಾ’ ಎನ್ನುತ್ತವೆ; ಅದು ಕೆಲ್ಟಿಕ್ ಪದವೂ ಅಲ್ಲ. ಆಂಗ್ಲೋ-ಸ್ಯಾಕ್ಸನ್ ಜನ ಜೂನ್, ಜುಲೈ ತಿಂಗಳುಗಳಿಗೆ ಇಟ್ಟಿದ್ದ ಹೆಸರೆಂದು 8ನೆಯ ಶತಮಾನದ ಬೀಡ್ ಎಂಬ ಸನ್ಯಾಸಿ ದಾಖಲಿಸಿದ್ದನ್ನು 1970ರ ದಶಕದಲ್ಲಿ ಅಮೆರಿಕದವರೊಬ್ಬರು ಎತ್ತಿ ಹಬ್ಬಕ್ಕೆ ತೊಡಿಸಿದರು.

ಇಷ್ಟು ಓದಿ ಎಲ್ಲವೂ ಹೊಸದೇ ಎಂದುಕೊಳ್ಳಬೇಡಿ. ಬಿಡದೆ ನಡೆದುಬಂದ ಒಂದು ಎಳೆ ಇದೆ, ಆದರೆ ಅದು ಉಳಿದದ್ದು ಕ್ರೈಸ್ತ ಸಂತ ಯೋಹಾನನ ಹಬ್ಬದ ಹೆಸರಿನಲ್ಲಿ. ಜೂನ್ 23ರ ಸಂಜೆ ಬೆಂಕಿ ಹಾಕುವುದು, ಅದರ ಸುತ್ತ ಕುಣಿಯುವುದು, ಬೆಂಕಿ ತಗ್ಗಿದ ಮೇಲೆ ಅದನ್ನು ಹಾರುವುದು, ಕೆಂಡವನ್ನು ಒಯ್ದು ಹೊಲಕ್ಕೆ ಹಾಕುವುದು ಇವು ಐರ್ಲೆಂಡಿನ ಪಶ್ಚಿಮ ಭಾಗದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಬಂದವು, ಬೆಂಕಿ ಇಂದಿಗೂ ಉರಿಯುತ್ತದೆ. ಲಿಮೆರಿಕ್ ಪ್ರಾಂತ್ಯದ ನಾಕೇನಿ ಬೆಟ್ಟದ ಮೇಲೆ ಆನ್ಯ ಎಂಬ ದೇವತೆಯ ಹೆಸರಿನಲ್ಲಿ ಜನ ಹುಲ್ಲಿನ ಪಂಜುಗಳನ್ನು ಹೊತ್ತಿಸಿ ಬೆಟ್ಟ ಸುತ್ತಿ, ಆಮೇಲೆ ತಮ್ಮ ಹೊಲಗಳಲ್ಲಿ ಅವನ್ನು ಬೀಸುತ್ತಿದ್ದುದನ್ನು 19ನೆಯ ಶತಮಾನದಲ್ಲಿ ಬರೆದಿಟ್ಟಿದ್ದಾರೆ. ಐಲ್ ಆಫ್ ಮ್ಯಾನ್ ದ್ವೀಪದ ಹಳೆಯ ಲಾವಣಿಯೊಂದರಲ್ಲಿ, ಸಮುದ್ರದೇವ ಮನನ್ನಾನ್‌ಗೆ ಪ್ರಜೆಗಳು ನಡುಬೇಸಿಗೆಯ ದಿನ ಹಸಿ ಜೊಂಡಿನ ಹೊರೆಯನ್ನೇ ಕಂದಾಯವಾಗಿ ಕೊಡುತ್ತಿದ್ದರೆಂದಿದೆ. ಇಂದಿಗೂ ಜುಲೈ 5ರಂದು ಆ ದ್ವೀಪದ ಶಾಸನಸಭೆ ಬಯಲಿನಲ್ಲಿ ಸೇರುವಾಗ ನಡೆಯುವ ದಾರಿಗೆ ಜೊಂಡು ಹಾಸುತ್ತಾರೆ. ಜುಲೈ 5 ಏಕೆಂದರೆ, 1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಿಸಿ 11 ದಿನಗಳನ್ನು ಬಿಟ್ಟಾಗ ಹಳೆಯ ಜೂನ್ 24 ಹೊಸ ಲೆಕ್ಕದಲ್ಲಿ ಅಲ್ಲಿಗೆ ಬಂದು ನಿಂತಿತು.

ಅತ್ತೆಯವರ ದಕ್ಷಿಣಾಯನದ ಪ್ರಶ್ನೆಗೆ ಉತ್ತರವೂ ಇಂಥದೇ ದಿನಗಳ ಲೆಕ್ಕದಲ್ಲಿದೆ, ಅವರು ಕೇಳಿದ್ದು ತೀರ ಸರಿಯಾದ ಪ್ರಶ್ನೆ. ಆಕಾಶದಲ್ಲಿ ಸೂರ್ಯ ದಕ್ಷಿಣಕ್ಕೆ ತಿರುಗುವುದು ಜೂನ್ 21ರ ಆಸುಪಾಸಿನಲ್ಲಿಯೇ. ಆದರೆ ನಮ್ಮಲ್ಲಿ ರೂಢಿಯಲ್ಲಿರುವ ನಿರಯನ ಪಂಚಾಂಗ ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡು ಎಣಿಸುತ್ತದೆ; ಭೂಮಿಯ ಅಕ್ಷ ಬಲು ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಎರಡು ಲೆಕ್ಕಗಳೂ ದೂರ ಸರಿಯುತ್ತ ಬಂದು, ಈಗ ಕರ್ಕಾಟಕ ಸಂಕ್ರಾಂತಿ ಜುಲೈ 16ರ ಸುಮಾರಿಗೆ ಬರುತ್ತದೆ. ಎಂದರೆ ಪಂಚಾಂಗ ನೋಡುವ ಅತ್ತೆಯವರಿಗೆ ಜೂನ್ 21ರಂದು ಇನ್ನೂ ಉತ್ತರಾಯಣವೇ. ಡ್ರೂಯಿಡರಿಗೂ ಆ ದಿನ ಬರಿಯ ಸಂಭ್ರಮವಲ್ಲ. ಬೆಳಕು ತುತ್ತತುದಿ ಮುಟ್ಟಿದ ಗಳಿಗೆಯಲ್ಲೇ ಇಳಿಯಲು ತೊಡಗುತ್ತದೆ ಎಂಬ ಅರಿವು ಅವರ ಪ್ರಾರ್ಥನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

‘ಡ್ರೂಯಿಡ್’ ಮತ್ತು ‘ದ್ರಾವಿಡ’ ಒಂದೇ ಎಂಬ ಸಂದೇಶವನ್ನು ಅಳಿಸಿಹಾಕಿ, ಆದರೆ ಅದರ ಬದಲಿಗೆ ಅದಕ್ಕಿಂತ ಸೊಗಸಾದದ್ದೊಂದನ್ನು ಇಟ್ಟುಕೊಳ್ಳಿ. ಕೆಲ್ಟಿಕ್ ಭಾಷೆಗಳೂ ಸಂಸ್ಕೃತವೂ ಒಂದೇ ಭಾಷಾಕುಟುಂಬದವು. ‘ಡ್ರೂಯಿಡ್’ ಪದವನ್ನು ಭಾಷಾವಿದ್ವಾಂಸರು ಸಾಮಾನ್ಯವಾಗಿ ಎರಡಾಗಿ ಬಿಡಿಸುತ್ತಾರೆ: ಮೊದಲನೆಯ ಭಾಗ ಮರ ಅಥವಾ ಗಟ್ಟಿತನವನ್ನು ಸೂಚಿಸುವಂಥದು, ನಾವು ಕನ್ನಡದಲ್ಲೂ ಬಳಸುವ ದ್ರುಮ, ದಾರು ಪದಗಳ ನೆಂಟ, ಎರಡನೆಯದು ತಿಳಿ ಎಂಬರ್ಥದ ಧಾತು, ವಿದ್ಯೆ ಮತ್ತು ವೇದಗಳಲ್ಲಿರುವ ‘ವಿದ್’. ಇದು ಮಾತಿನ ನೆಂಟಸ್ತಿಕೆ ಮಾತ್ರ. ನಮ್ಮ ಪುರೋಹಿತರು ಅಲ್ಲಿಗೆ ಹೋದರು ಎನ್ನುವುದಕ್ಕಾಗಲಿ, ಅವರು ಇಲ್ಲಿಗೆ ಬಂದರು ಎನ್ನುವುದಕ್ಕಾಗಲಿ ಅದು ಸಾಕ್ಷಿಯಲ್ಲ. ದ್ರಾವಿಡ ಪದಕ್ಕಂತೂ ಈ ವಂಶಾವಳಿಯಲ್ಲಿ ಜಾಗವೇ ಇಲ್ಲ.

ನರಬಲಿಯ ಮಾತು ಹುಟ್ಟಿದ್ದು ರೋಮನ್ನರ ಬರಹಗಳಿಂದ. ಜನರನ್ನು ಬೆತ್ತದ ದೊಡ್ಡ ಆಕೃತಿಗಳಲ್ಲಿ ತುಂಬಿ ಸುಡುತ್ತಿದ್ದರೆಂದು ಸೀಸರ್ ಬರೆದದ್ದು ನಿಜ; ಆತ ಆ ಜನರ ನಾಡನ್ನು ಗೆಲ್ಲಲು ಹೋದ ಸೇನಾಪತಿ ಎನ್ನುವುದೂ ನಿಜ. 1984ರಲ್ಲಿ ಚೆಷೈರಿನ ಜೌಗುನೆಲದಲ್ಲಿ ಸಿಕ್ಕ, ಈಗ ಲಿಂಡೋ ಮ್ಯಾನ್ ಎನ್ನುವ ಶವದ ಹೊಟ್ಟೆಯಲ್ಲಿ ಮಿಸಲ್‌ಟೋ ಪರಾಗದ ನಾಲ್ಕಾರು ಕಣಗಳಿದ್ದವು, ಆತನನ್ನು ಹೊಡೆದು ಕೊಂದ ಗುರುತುಗಳೂ ಇದ್ದವು. ಅದು ಬಲಿಯೋ ಬರಿಯ ಕೊಲೆಯೋ ಎಂಬ ವಾದ ಮುಗಿದಿಲ್ಲ. ಪ್ರಾಚೀನ ಕಾಲದಲ್ಲಿ ಎಲ್ಲೂ ನಡೆಯಲಿಲ್ಲ ಎಂದು ನಾನು ಭರವಸೆ ಕೊಡಲಾರೆ. ಆದರೆ ಇಂದಿನ ಡ್ರೂಯಿಡರಿಗೂ ಅದಕ್ಕೂ ಸಂಬಂಧವಿಲ್ಲ. ಅವರ ಗುಂಪುಗಳಲ್ಲಿ ಒಂದನ್ನು ಇಂಗ್ಲೆಂಡಿನ ದತ್ತಿ ಆಯೋಗ 2010ರಲ್ಲಿ ಧಾರ್ಮಿಕ ದತ್ತಿಸಂಸ್ಥೆ ಎಂದು ಮಾನ್ಯ ಮಾಡಿದೆ. ಅವರಿಗೆ ಒಂದೇ ದೇವರು, ಒಂದೇ ಗ್ರಂಥ ಎಂಬ ಕಟ್ಟಿಲ್ಲ. ಚರ್ಚಿಗೆ ಹೋಗುವ ಡ್ರೂಯಿಡರೂ ಇದ್ದಾರೆ, ದೇವರೇ ಇಲ್ಲ ಎನ್ನುವವರೂ ಇದ್ದಾರೆ. ಮತಾಂತರದ ಉತ್ಸಾಹವನ್ನು ನಾನು ಅವರಲ್ಲಿ ಕಂಡಿಲ್ಲ.

ಅಲ್ಲಿ ನಡೆಯುವುದೇನು ಎನ್ನುವುದನ್ನು ನಾನು ಕಂಡಂತೆ ಹೇಳುತ್ತೇನೆ. ಒಂದು ವರ್ಷ ನಾಲ್ಕು ಗಂಟೆಗೆ ಏವ್‌ಬರಿ ತಲುಪಿದಾಗ ಆಕಾಶ ಆಗಲೇ ಬೂದುಬಣ್ಣಕ್ಕೆ ತಿರುಗಿತ್ತು, ಹುಲ್ಲಿನ ಇಬ್ಬನಿಗೆ ಎಲ್ಲರ ಬೂಟೂ ತೊಯ್ದಿದ್ದವು, ಕಲ್ಲಿನ ಮರೆಯಲ್ಲಿ ಕುರಿಗಳು ಮಲಗಿದ್ದವು. ಮೂವತ್ತು ಜನ ವೃತ್ತಾಕಾರವಾಗಿ ನಿಂತರು. ಬಿಳಿ ನಿಲುವಂಗಿ ತೊಟ್ಟವರು ಏಳೆಂಟು ಮಂದಿ, ಉಳಿದವರು ಮಳೆ ಜಾಕೆಟ್ಟಿನವರು. ಒಬ್ಬರು ನಾಲ್ಕು ದಿಕ್ಕುಗಳಿಗೂ ಒಂದೊಂದಾಗಿ ತಿರುಗಿ ಶಾಂತಿ ಇರಲಿ ಎಂದರು. ಆಮೇಲೆ ಎಲ್ಲರೂ ಸೇರಿ ಹೇಳಿದ ಪ್ರಾರ್ಥನೆ ನಮ್ಮ ಯೋಲೋ ಬರೆದದ್ದೇ; ರಕ್ಷಣೆಯಿಂದ ಬಲ, ಬಲದಿಂದ ವಿವೇಕ, ವಿವೇಕದಿಂದ ಜ್ಞಾನ, ಜ್ಞಾನದಿಂದ ನ್ಯಾಯ, ನ್ಯಾಯದಿಂದ ಪ್ರೀತಿ ಎಂದು ಸರಪಳಿಯಂತೆ ಸಾಗುತ್ತದೆ. ಆ ದಿನ ಮೋಡ ಕವಿದು ಸೂರ್ಯ ಕಾಣಿಸಲೇ ಇಲ್ಲ. ಮುದುಕಿಯೊಬ್ಬರು ಕೈಗಡಿಯಾರ ನೋಡಿ “ಬಂದಾಯಿತು” ಎಂದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಬ್ರೆಡ್ ಹಂಚಿದರು, ಒಂದಿಬ್ಬರು ಪದ್ಯ ಓದಿದರು. ಮಾಟಮಂತ್ರ ಹುಡುಕಿಕೊಂಡು ಬಂದವರಿಗೆ ನಿರಾಸೆಯಾಗುವಷ್ಟು ಸಾದಾ ಕಾರ್ಯಕ್ರಮ.

ಹೋಗುವುದಾದರೆ ಮೊದಲು ಸಹೋದ್ಯೋಗಿಯನ್ನು ಕೇಳಬೇಕಾದದ್ದು, ಸಮಾರಂಭ ಎಲ್ಲರಿಗೂ ತೆರೆದದ್ದೋ ಅಥವಾ ಗುಂಪಿನವರಿಗೆ ಮಾತ್ರವೋ ಎಂದು. ತೆರೆದದ್ದಾದರೆ ಅತಿಥಿಗಳು ಏನು ಮಾಡಬೇಕೆಂದು ಅವರೇ ಹೇಳುತ್ತಾರೆ. ಕೈಕೈ ಹಿಡಿದು ಮೂರು ಬಾರಿ ಹೇಳುವ ಶಾಂತಿ, ಪ್ರೀತಿಗಳ ಪ್ರತಿಜ್ಞೆಯೊಂದು ಇರುತ್ತದೆ. ಅತ್ತೆಯವರಿಗೆ ಮುಜುಗರವಾದರೆ ಮೌನವಾಗಿ ನಿಲ್ಲಬಹುದು, ವೃತ್ತದಿಂದ ಹೊರಗೆ ನಿಂತು ನೋಡಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಸುತ್ತು ಬರುವ ಕೊಂಬಿನ ಪಾತ್ರೆಯಲ್ಲಿ ಬಹುಮಟ್ಟಿಗೆ ‘ಮೀಡ್’ ಇರುತ್ತದೆ, ಜೇನನ್ನು ಹುದುಗಿಸಿದ ಮದ್ಯ ಅದು. ಮಗಳಿಗೆ ಮೊದಲೇ ಹೇಳಿಡಿ, ಹಣ್ಣಿನ ರಸದ ಏರ್ಪಾಡು ಇದೆಯೇ ಎಂದು ವಿಚಾರಿಸಿ. ಸ್ಟೋನ್‌ಹೆಂಜಿಗೂ ಹೋಗಬಹುದು. 1985ರ ಜೂನ್ 1ರಂದು ಅಲ್ಲಿಗೆ ಹೊರಟಿದ್ದ ಯಾತ್ರಿಕರ ಮೇಲೆ ಪೊಲೀಸರು ಮುಗಿಬಿದ್ದು, ವರ್ಷಗಳ ಕಾಲ ಅಯನ ಸಂಕ್ರಾಂತಿಯ ದಿನ ಕಲ್ಲುಗಳ ಬಳಿ ಯಾರನ್ನೂ ಬಿಡುತ್ತಿರಲಿಲ್ಲ. 2000ದಿಂದ ಅಯನ ಸಂಕ್ರಾಂತಿಯ ರಾತ್ರಿ ಉಚಿತ ಪ್ರವೇಶವಿದೆ, ಮದ್ಯ ತರುವಂತಿಲ್ಲ, ಕಲ್ಲು ಹತ್ತುವಂತಿಲ್ಲ. ಆದರೆ ಅಲ್ಲಿ ಸಾವಿರಾರು ಜನರ ನೂಕುನುಗ್ಗಲು, ಡೋಲುಗಳ ಸದ್ದು, ಕತ್ತಲೆಯಲ್ಲಿ ದೂರದ ನಡಿಗೆ. ಮಂಡಿನೋವಿನ ವಯಸ್ಸಿನವರನ್ನೂ ಒಂಬತ್ತರ ಮಗುವನ್ನೂ ಕರೆದುಕೊಂಡು ಮೊದಲ ಬಾರಿಗೆ ಹೋಗಲು ಏವ್‌ಬರಿಯೇ ವಾಸಿ. ಸಂಜೆಯ ಬೆಂಕಿಯನ್ನೇ ನೋಡುವ ಆಸೆಯಿದ್ದರೆ ಕಾರ್ನ್‌ವಾಲ್ ಇದೆ. ಅಲ್ಲಿನ ಸ್ಥಳೀಯ ಸಂಘಗಳು 1929ರಲ್ಲಿ ಮತ್ತೆ ಆರಂಭಿಸಿದ ಜೂನ್ 23ರ ಬೆಂಕಿಗಳಲ್ಲಿ ಕಾರ್ನಿಷ್ ಭಾಷೆಯಲ್ಲಿ ಮಾತು ಹೇಳಿ, ಗಿಡಮೂಲಿಕೆಗಳ ಕಟ್ಟೊಂದನ್ನು ಜ್ವಾಲೆಗೆ ಹಾಕುತ್ತಾರೆ. ಯಾವ ಬೆಂಕಿಯೇ ಆಗಲಿ, ಸೀರೆ, ದುಪಟ್ಟಾ, ನೈಲಾನ್ ಜಾಕೆಟ್ ಹಾಕಿಕೊಂಡವರು ಹಾರುವ ಸಾಹಸ ಬೇಡ.

ಒಂದೇ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಎಚ್ಚರಿಸುತ್ತೇನೆ. ಈ ಹಬ್ಬದ ಹೂವು ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಕಾಡುಹೂವು, ಸಂತ ಯೋಹಾನನ ದಿನದ ಹೊತ್ತಿಗೆ ಅರಳುವುದರಿಂದ ಆ ಹೆಸರು. ಮುಡಿದುಕೊಂಡರೆ, ಬಾಗಿಲಿಗೆ ಕಟ್ಟಿದರೆ ತೊಂದರೆಯಿಲ್ಲ. ಯಾರಾದರೂ ಅದರ ಚಹಾ ಕೊಟ್ಟರೆ ಅತ್ತೆಯವರು ಕುಡಿಯದಿರಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕೆಲವು ಮಾತ್ರೆಗಳು, ಗರ್ಭನಿರೋಧಕ ಗುಳಿಗೆಗಳು, ಹೃದಯದ ಕೆಲವು ಔಷಧಗಳು ದೇಹದಲ್ಲಿ ಬೇಗ ಕರಗಿಹೋಗುವಂತೆ ಅದು ಮಾಡುತ್ತದೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಗಿಡಮೂಲಿಕೆ ತಾನೇ ಎಂದು ಸುಮ್ಮನಿರುವ ವಿಷಯ ಇದಲ್ಲ.

ಮಗಳ ಭಾಷಣಕ್ಕೆ ನನ್ನ ಸಲಹೆ: ಕಲ್ಲುಗಳಿಗೆ ನಾಲ್ಕೂವರೆ ಸಾವಿರ ವರ್ಷ, ಡ್ರೂಯಿಡ್ ಎಂಬ ಹೆಸರಿಗೆ ಎರಡು ಸಾವಿರ, ಆಲ್ಬಾನ್ ಹೆವಿನ್ ಎಂಬ ಮಾತಿಗೆ ಇನ್ನೂರಕ್ಕೆ ಸ್ವಲ್ಪ ಹೆಚ್ಚು, ಎಂಟು ಹಬ್ಬಗಳ ಚಕ್ರಕ್ಕೆ ಎಪ್ಪತ್ತು ಎಂದು ನಾಲ್ಕು ಗೆರೆ ಎಳೆದು ತೋರಿಸಲಿ. ನಿಮ್ಮ ಸಹೋದ್ಯೋಗಿಗೆ ಬೇಸರವಾದೀತೆಂಬ ಅಳುಕು ಬೇಡ. ನನ್ನ ಪರಿಚಯದ ಡ್ರೂಯಿಡರಲ್ಲಿ ಓದಿಕೊಂಡವರೆಲ್ಲ ಇದನ್ನು ನನಗಿಂತ ಚೆನ್ನಾಗಿ ಬಲ್ಲರು, ಯೋಲೋನ ಕಿತಾಪತಿಗಳನ್ನು ನಗುತ್ತಲೇ ಹೇಳುತ್ತಾರೆ.

ಸೂರ್ಯೋದಯ ಅಲ್ಲಿ ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಆಗುತ್ತದೆ, ಹಾಗಾಗಿ ಮೂರೂವರೆಗೆ ಮನೆ ಬಿಡಿ. ಜೂನ್ ತಿಂಗಳೆಂದು ನಂಬಿ ಅತ್ತೆಯವರನ್ನು ಚಪ್ಪಲಿಯಲ್ಲಿ ಕರೆದೊಯ್ಯಬೇಡಿ. ಎರಡು ಜೊತೆ ಉಣ್ಣೆಯ ಕಾಲುಚೀಲ, ಒಂದು ಫ್ಲಾಸ್ಕ್ ಕಾಫಿ ಜೊತೆಗಿರಲಿ. ಹಂಚಿ ತಿನ್ನಲು ಏನಾದರೂ ಒಯ್ಯುವುದು ಅಲ್ಲಿನ ಪದ್ಧತಿ. ಅತ್ತೆಯವರು ಹಿಂದಿನ ರಾತ್ರಿ ಕೋಡುಬಳೆ ಮಾಡಿಟ್ಟರೆ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅದೇ.